ನೀರು ಎಷ್ಟಿದೆ ಅಂತ ಕಣ್ಣಿಗೆ ಕಾಣಲಿ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ನಳ ಬಂದ ದಿನ ಕೊಡ, ಬಕೆಟ್, ಡ್ರಮ್ಮು ಎಲ್ಲ ತುಂಬಿಡಬೇಕು. ನಮ್ಮವ್ವ ನೀರು ಹೊತ್ತು ತರುತ್ತಿದ್ದಾಗ ಒಂದೊಂದು ಕೊಡಕ್ಕೂ ಲೆಕ್ಕ ಇತ್ತು. ಮಾಳಿಗೆ ಮೇಲೆ ಟ್ಯಾಂಕ್ ಬಂತು, ಆ ಲೆಕ್ಕ ಹೋಯಿತು. ಈಗ ಟ್ಯಾಂಕ್ ಖಾಲಿ ಆದಾಗಲೇ ಗೊತ್ತಾಗುವುದು. ಮನೆಮಂದಿಗೆ ದಿನಾ ಬುದ್ಧಿ ಹೇಳುವ ಬದಲು, ಆ ಲೆಕ್ಕ ಮತ್ತೆ ಕಾಣುವ ಹಾಗೆ ಮಾಡೋಣ.

ಮೊದಲು ಬಚ್ಚಲಿನ ಡ್ರಮ್ಮು. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ ತಳದಿಂದ ನಾಲ್ಕು ಬೆರಳು ಮೇಲೆ ತೂತು ಕೊರೆಸಿ. ವಾಷರ್ ಹಾಕಿ ನಿಪ್ಪಲ್, ಅಂದರೆ ಪೈಪು ಸಿಕ್ಕಿಸುವ ಸಣ್ಣ ಕೊಳವೆ, ಕೂರಿಸಿ. ಒಳಗಿನದು ಕಾಣುವಂಥ ಪೈಪು ಸಿಕ್ಕಿಸಿ ಕ್ಲಿಪ್ ಬಿಗಿಯಿರಿ. ಪೈಪನ್ನು ಡ್ರಮ್ಮಿಗೆ ಒತ್ತಿ ನೆಟ್ಟಗೆ ಮೇಲಕ್ಕೆ ಕಟ್ಟಿ. ತುದಿ ಡ್ರಮ್ಮಿನ ಬಾಯಿಗಿಂತ ಎತ್ತರ ಇರಲಿ, ಅದನ್ನು ಮುಚ್ಚಬೇಡಿ. ಒಳಗೆ ನೀರು ಎಲ್ಲಿವರೆಗೆ ಇದೆಯೋ ಪೈಪಿನಲ್ಲೂ ಅಲ್ಲಿವರೆಗೇ ನಿಲ್ಲುತ್ತದೆ. ಈಗ 20 ಲೀಟರಿನ ಬಕೆಟ್‌ನಿಂದ ನೀರು ಸುರಿಯಿರಿ. ಮೊದಲ ಬಕೆಟ್ ತೂತಿನ ಮಟ್ಟಕ್ಕೇ ಸರಿಹೋಗುತ್ತದೆ. ಎರಡನೆಯದರಿಂದ ಪ್ರತಿ ಬಕೆಟ್‌ಗೂ ಒಂದು ಕೆಂಪು ಗೆರೆ ಎಳೆಯಿರಿ. ಬಿಸಿಲು ಬಿದ್ದರೆ ಪೈಪಿನೊಳಗೆ ಪಾಚಿ ಕಟ್ಟುತ್ತದೆ, ನೆರಳಿಗಿಡಿ.

ನಮ್ಮ ಮನೆಯಲ್ಲಿ ಮಕ್ಕಳು ಸ್ನಾನ ಮಾಡಿ ಬಂದು ‘ನಂದು ಒಂದೇ ಗೆರಿ ಆತು’ ಅಂತಾರೆ. ಹೇಳಿಕೊಟ್ಟದ್ದಲ್ಲ, ತಾವೇ ಶುರು ಮಾಡಿದ್ದು.

ಆಮೇಲೆ ವಾಷ್‌ಬೇಸಿನ್. ನಳ ಪೂರ್ತಿ ತಿರುಗಿಸಿ 1 ಲೀಟರಿನ ಬಾಟಲಿ ಹಿಡಿಯಿರಿ. 6 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 10 ಲೀಟರ್. ನಳ ಬಿಟ್ಟುಕೊಂಡು ಎರಡು ನಿಮಿಷ ಹಲ್ಲುಜ್ಜಿದರೆ ಒಂದು ಗೆರೆ ನೀರು ಹೋಯಿತು ಅಲ್ವಾ? ಬೇಸಿನ್ ಕೆಳಗೆ ನೀರಿನ ಪೈಪಿಗಿರುವ ಸಣ್ಣ ನಳ, ಅಂದರೆ ಆಂಗಲ್ ಕಾಕ್, ತಿರುಗಿಸಿ, ಬಾಟಲಿ ತುಂಬಲು 15 ಸೆಕೆಂಡ್ ಹಿಡಿಯುವ ಹಾಗೆ ಮಾಡಿ. ನಿಮಿಷಕ್ಕೆ 4 ಲೀಟರ್, ಕೈ ಮುಖ ತೊಳೆಯಲು ಧಾರಾಳ ಸಾಕು. ಪೈಸೆ ಖರ್ಚಿಲ್ಲ.

ಫ್ಲಶ್ ಟ್ಯಾಂಕಿನಲ್ಲಿ ನೀರು ತುಂಬಿ ಮುಚ್ಚಳ ಬಿಗಿದ 1 ಲೀಟರಿನ ಬಾಟಲಿ ಇಡಿ, ಪ್ರತಿ ಸಲ ಅಷ್ಟು ಉಳಿಯುತ್ತದೆ. ಫ್ಲೋಟಿಗೆ ತಾಗಬಾರದು. ಇಟ್ಟಿಗೆ ಬೇಡ, ಪುಡಿ ಉದುರಿ ವಾಲ್ವ್ ಕೆಡುತ್ತದೆ.

ಇನ್ನು ಆರ್‌ಒ ಫಿಲ್ಟರಿನ ಸಣ್ಣ ಪೈಪು. ಸುಮ್ನೆ ಸಿಂಕಿಗೆ ಹೋಗುವ ಆ ನೀರನ್ನು ಬಕೆಟ್‌ಗೆ ಬಿಟ್ಟರೆ ನೆಲ ಒರೆಸಲು, ಸಂಡಾಸಿಗೆ ಆಗುತ್ತದೆ. ಆದರೆ ನಮ್ಮ ಕಡೆ ಎಷ್ಟೋ ಬೋರಿನ ನೀರೇ ಸವುಳು, ಫಿಲ್ಟರ್ ಬಿಟ್ಟ ನೀರಿನಲ್ಲಿ ಉಪ್ಪು ಇನ್ನೂ ಜಾಸ್ತಿ. ಕರಿಬೇವಿನ ಗಿಡಕ್ಕೆ ಅದನ್ನು ಹಾಕಬೇಡಿ. ಗಿಡಕ್ಕೆ ತೊಗರಿಬೇಳೆ ತೊಳೆದ ನೀರು ಇದ್ದೇ ಇದೆ.