ನಿಮ್ಮ ಸಾವಯವ ತಳಿಯನ್ನು ನೋಂದಣಿಗೆ ಕಳಿಸುವ ಮುಂಚೆ

ಎಂಟು ವರ್ಷ ಆರಿಸಿ ಆರಿಸಿ ಬೆಳೆಸಿದ ಗೋಧಿ ತಳಿ ನನ್ನದು. ರಾಸಾಯನಿಕ ಗೊಬ್ಬರದ ಪ್ರಯೋಗ ತಾಕಿನಲ್ಲಿ ಅದು ಪೂರ್ತಿ ಮಲಗಿಬಿಟ್ಟಿತು. ಎತ್ತರದ ಗಿಡ, ಸಾರಜನಕ ಜಾಸ್ತಿಯಾಯಿತು. ಅದೇ ಬೀಜ ಸಾವಯವ ಹೊಲದಲ್ಲಿ ನೆಟ್ಟಗೆ ನಿಂತು ಮೊದಲ ಮೂರರಲ್ಲಿ ಬಂತು. ತಳಿ ಎಲ್ಲಿ ಬಾಳಬೇಕೋ ಅಲ್ಲೇ ಪರೀಕ್ಷೆ ಆಗಬೇಕು. ಇದಕ್ಕಾಗಿ ಹಟ ಹಿಡಿಯಿರಿ.

ಒಂದೇ ಹೊಲ, ಒಂದೇ ವರ್ಷದ ಫಲಿತಾಂಶ ನಂಬಬೇಡಿ. ಕನಿಷ್ಠ ಎರಡು ವರ್ಷ, ಮೂರು ಕಡೆ ಬಿತ್ತಿ. ಪ್ರತಿ ಕಡೆ ಒಂದೊಂದು ತಳಿಗೂ ನಾಲ್ಕು ತಾಕು ಇರಲಿ, ಯಾವ ತಳಿ ಎಲ್ಲಿ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ರೈತರು ಈಗ ಬೆಳೆಯುತ್ತಿರುವ ಒಳ್ಳೆಯ ತಳಿ ಒಂದೆರಡು ಪಕ್ಕದಲ್ಲೇ ಇರಲಿ. ಬೀಜಕ್ಕೆ ಔಷಧ ಹಚ್ಚಿರಬಾರದು.

ಇಳುವರಿ ಎಲ್ಲರೂ ತೂಗುತ್ತಾರೆ. ಸಾವಯವಕ್ಕೆ ಬೇಕಾದದ್ದು ಅದಕ್ಕಿಂತ ಮೊದಲೇ ಕಾಣುತ್ತದೆ. ತೆಂಡೆ (ಬುಡದಿಂದ ಬರುವ ಹೊಸ ಕವಲು) ಒಡೆಯುವಾಗ ತಾಕಿನ ಮುಂದೆ ನಿಂತು ನೋಡಿ: ಎಲೆ ಎಷ್ಟು ನೆಲ ಮುಚ್ಚಿದೆ, ಕಳೆಗೆ ಎಷ್ಟು ಬಿಸಿಲು ಸಿಗುತ್ತಿದೆ? ಇದನ್ನು ಅಂಕ ಕೊಟ್ಟು ಬರೆದಿಡಿ. ಗೋಧಿಯಾದರೆ ಕಾಡಿಗೆ ರೋಗವನ್ನು ಮರೆಯಲೇಬೇಡಿ. ಕೊಳೆತ ಮೀನಿನ ವಾಸನೆ ಬರುವ ಆ ರೋಗ ಬೀಜದ ಜೊತೆಗೇ ಹರಡುತ್ತದೆ, ಬೀಜೋಪಚಾರದ ರಾಸಾಯನಿಕ ನಮಗಿಲ್ಲ. ಹಾಗಾಗಿ ಬೀಜಕ್ಕೆ ಬೇಕೆಂದೇ ರೋಗದ ಪುಡಿ ಸವರಿ, ಬೇರೆ ಜಾಗದಲ್ಲಿ ಬಿತ್ತಿ ತಡೆಯುವ ಶಕ್ತಿ ನೋಡಬೇಕು.

ಇನ್ನು ನೋಂದಣಿಗೆ ಬೇಕಾದ ಡಿಯುಎಸ್ ಪರೀಕ್ಷೆ. ತಳಿ ಬೇರೆಯವುಗಳಿಗಿಂತ ಭಿನ್ನವಾಗಿರಬೇಕು, ಗಿಡಗಳು ಒಂದೇ ಥರ ಇರಬೇಕು, ಮುಂದಿನ ಪೀಳಿಗೆಯಲ್ಲೂ ಹಾಗೇ ಬರಬೇಕು. ನಾನು ಎಡವಿದ್ದು ಎರಡನೆಯದರಲ್ಲಿ. ತೆನೆ ಬಂದಾಗ ಬೆರಕೆ ಗಿಡ ಕೀಳದೆ ಬೀಜ ಕಳಿಸಿದೆ, ಒಂದು ವರ್ಷ ಹೋಯಿತು. ಈಗ ಒಂದೊಂದು ತೆನೆಯನ್ನು ಒಂದೊಂದು ಸಾಲಿನಲ್ಲಿ ಬಿತ್ತುತ್ತೇನೆ. ಬೇರೆ ಥರ ಕಂಡ ಸಾಲನ್ನು ಪೂರ್ತಿ ತೆಗೆದು, ಉಳಿದದ್ದನ್ನಷ್ಟೇ ಕೂಡಿಸುತ್ತೇನೆ.

ಆದರೆ ನಿಮ್ಮ ಬೆಳೆಯ ಬಲವೇ ಅದರ ವೈವಿಧ್ಯದಲ್ಲಿದ್ದರೆ? ಅದನ್ನು ಸುಮ್ನೆ ಸೋಸಿ ಸೋಸಿ ಬಡವಾಗಿಸಬೇಡಿ. ಯುರೋಪಿಯನ್ ಒಕ್ಕೂಟದಲ್ಲಿ ಸಾವಯವ ಕೃಷಿಯ 2018/848 ಸಂಖ್ಯೆಯ ನಿಯಮ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಡಿ ಇಂಥ ಮಿಶ್ರ ಬೀಜವನ್ನು 'ಸಾವಯವ ವೈವಿಧ್ಯಮಯ ಸಾಮಗ್ರಿ' ಎಂದು ಅಧಿಕಾರಿಗಳಿಗೆ ತಿಳಿಸಿ ಮಾರಬಹುದು, ಡಿಯುಎಸ್ ಬೇಕಿಲ್ಲ. ಯಾವ ದಾರಿ ಅಂತ ಮೊದಲೇ ತೀರ್ಮಾನಿಸಿ, ಯಾಕೆಂದರೆ ಆರಿಸುವ ರೀತಿಯೇ ಬೇರೆಯಾಗುತ್ತದೆ.

ತಳಿಯನ್ನು ಮಾರಾಟಕ್ಕೆ ಒಪ್ಪಿಗೆಯಿರುವ ತಳಿಗಳ ಸರ್ಕಾರಿ ಪಟ್ಟಿಗೆ ಸೇರಿಸುವುದು ಬೇರೆ, ತಳಿಗಾರನ ಹಕ್ಕು (ನಮ್ಮ ಒಪ್ಪಿಗೆಯಿಲ್ಲದೆ ಬೇರೆಯವರು ಆ ಬೀಜ ಮಾರದಂತೆ ತಡೆಯುವ ಹಕ್ಕು) ಪಡೆಯುವುದು ಬೇರೆ. ಪಟ್ಟಿಗೆ ಸೇರಲು ಹಲವೆಡೆ ಹೊಲದ ಬೆಳೆಗಳಿಗೆ ಡಿಯುಎಸ್ ಜೊತೆ ಬೇಸಾಯ ಮತ್ತು ಬಳಕೆಯ ಮೌಲ್ಯದ ಪರೀಕ್ಷೆಯೂ ಇರುತ್ತದೆ. ಅದು ಸಾವಯವ ಹೊಲದಲ್ಲಿ ನಡೆಯುತ್ತದೆಯೇ ಅಂತ ಅರ್ಜಿಗೆ ಮುಂಚೆ ಕೇಳಿ. ಹಕ್ಕು ಬೇಕಿದ್ದರೆ ಬೀಜ ಮಾರಲು ಅವಸರಪಡಬೇಡಿ. ಹೊಸ ಸಸ್ಯ ತಳಿಗಳ ರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಯುಪಿಒವಿಯ 1991ರ ಒಪ್ಪಂದದ ಪ್ರಕಾರ, ಅರ್ಜಿ ಹಾಕುವ ದೇಶದಲ್ಲಿ ಮಾರಾಟ ಶುರುವಾಗಿ ಒಂದು ವರ್ಷ ದಾಟಿದ್ದರೆ ಆ ತಳಿ ಹೊಸದೆಂದು ಲೆಕ್ಕಕ್ಕೆ ಬರುವುದಿಲ್ಲ.

ಅರ್ಜಿಯಲ್ಲಿ ತಳಿಯ ಮೂಲ, ಆರಿಸಿದ ಕ್ರಮ, ಬೀಜ ಕಾಪಾಡುವ ವಿಧಾನ ಬರೆಯಬೇಕಾಗುತ್ತದೆ. ವರ್ಷ ವರ್ಷದ ಹೊಲದ ಪುಸ್ತಕ ಆಗ ಕೈಗೆ ಸಿಗಬೇಕು. ಕಳಿಸುವ ಬೀಜದಲ್ಲೇ ಒಂದು ಪಾಲನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ, ಮೇಲೆ ವರ್ಷ ಬರೆಯಿರಿ.