ಮಗುವಿನ ಕಾಲು ಏಕಾಏಕಿ ಸೋತಿತೇ? ಮೊದಲು ತಾರೀಖು ಬರೆದಿಡಿ

15 ವರ್ಷದೊಳಗಿನ ಮಗುವಿನ ಕೈಯೋ ಕಾಲೋ ಇದ್ದಕ್ಕಿದ್ದಂತೆ ಸೋತರೆ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ. ಅದು ಪೋಲಿಯೊ ಅಲ್ಲವೇ ಎಂದು ತಿಳಿಯಲು ಮಗುವಿನ ಮಲ ಪರೀಕ್ಷಿಸಬೇಕು, ಮುಂದಿನ ಲೆಕ್ಕವೆಲ್ಲ ಆ ದಿನದಿಂದಲೇ.

ಮಗುವನ್ನು ಕುಕ್ಕರಗಾಲಲ್ಲಿ ಕೂರಿಸಿ ಏಳಲು ಹೇಳಿ. ಬಲವಿಲ್ಲದ ಕಾಲನ್ನು ಎತ್ತಿ ಬಿಟ್ಟರೆ ಹಸಿಬಟ್ಟೆಯಂತೆ ಬೀಳುತ್ತದೆ, ಚಪ್ಪಲಿ ಪಾದದಲ್ಲಿ ನಿಲ್ಲುವುದಿಲ್ಲ. ಫ್ಲೂ ಇಳಿಯುವಾಗ ಮೀನಖಂಡ ನೋವೆಂದು ತುದಿಗಾಲಲ್ಲಿ ನಡೆಯುವುದು ಬೇರೆ. ಅದು ಸ್ನಾಯುವಿನ ಉರಿಯೂತ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಯಾವುದು ಯಾವುದೆಂದು ತೀರ್ಮಾನಿಸುವವರು ವೈದ್ಯರೇ, ಅಂದೇ ತೋರಿಸಿ.

ಎಣ್ಣೆ ತಿಕ್ಕಬೇಡಿ. ಜ್ವರಕ್ಕೆಂದು ಸೊಂಟಕ್ಕೆ ಇಂಜೆಕ್ಷನ್ ಕೊಡಿಸಲೂ ಬೇಡಿ. ಪೋಲಿಯೊ ಸೋಂಕಿದ್ದಾಗ ಸೂಜಿ ಚುಚ್ಚಿದ ಕಾಲೇ ಹೆಚ್ಚು ಸೋಲುತ್ತದೆ. ಧ್ವನಿ ಮೂಗಿನಲ್ಲಿ ಬಂದರೆ, ಜೊಲ್ಲು ನುಂಗಲಾಗದಿದ್ದರೆ, ಉಸಿರು ಮೇಲುಮೇಲಾದರೆ ಬಾಯಿಗೆ ಏನೂ ಹಾಕದೆ ವೆಂಟಿಲೇಟರ್ ಇರುವ ಆಸ್ಪತ್ರೆಗೇ ನೇರವಾಗಿ ಒಯ್ಯಿರಿ.

ಇನ್ನು ಮಲದ ಮಾದರಿ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಕಾಲು ಸೋತ 14 ದಿನದೊಳಗೆ, 24 ಗಂಟೆಯಾದರೂ ಅಂತರ ಬಿಟ್ಟು ಎರಡು ಮಾದರಿ ಬೇಕು. ವೈರಸ್ ಮಲದಲ್ಲಿ ದಿನವೂ ಒಂದೇ ಸಮ ಬೀಳುವುದಿಲ್ಲ, ಅದಕ್ಕೇ ಎರಡು. ಪ್ರತಿಯೊಂದೂ ದೊಡ್ಡವರ ಹೆಬ್ಬೆರಳಿನ ತುದಿಯಷ್ಟು, ಸುಮಾರು 8 ಗ್ರಾಂ. ಮೂತ್ರ ಬೆರೆಯಬಾರದು. ಒಣ ಡಬ್ಬಿಯ ಮುಚ್ಚಳ ಬಿಗಿದು, ಐಸ್ ಪ್ಯಾಕ್ ನಡುವೆ 2ರಿಂದ 8 ಡಿಗ್ರಿಯಲ್ಲಿ 72 ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು. ದಾರಿಯಲ್ಲಿ ಐಸ್ ಕರಗಿದರೆ ವೈರಸ್ ಸಾಯಬಹುದು, ವರದಿ ಸುಳ್ಳೇ 'ಇಲ್ಲ' ಎನ್ನಬಹುದು. ಮಾದರಿ ಒಯ್ದ ಐಸ್ ಪೆಟ್ಟಿಗೆಯನ್ನು ಮತ್ತೆ ಲಸಿಕೆಗೆ ಬಳಸಕೂಡದು. ಆಶಾ ಕಾರ್ಯಕರ್ತೆಗೆ ಹೇಳಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದವರು ಈ ವ್ಯವಸ್ಥೆ ನೋಡಿಕೊಳ್ಳುತ್ತಾರೆ.

'ಪೋಲಿಯೊ ಹನಿ ಹಾಕಿಸಿದ್ದೇವಲ್ಲ' ಎಂದು ಮಾದರಿ ಬಿಡುವಂತಿಲ್ಲ. ಭಾರತದಲ್ಲಿ ಕೊನೆಯ ಕಾಡು ಪೋಲಿಯೊ (ಲಸಿಕೆಯ ವೈರಸ್‌ನಿಂದಲ್ಲದೆ ಸಹಜವಾಗಿ ಹರಡುವುದು) 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದು ನಿಜ. ಆದರೆ ಬೆನ್ನುಹುರಿಯ ಅದೇ ನರಕೋಶಗಳನ್ನು ಕೆಡಿಸುವ ವೈರಸ್‌ಗಳು ಬೇರೆಯೂ ಇವೆ. ಕೈ-ಕಾಲು-ಬಾಯಿ ರೋಗ ತರುವ ಎಂಟೆರೊವೈರಸ್ ಎ71 ಒಂದು. ಗದ್ದೆ, ಹಂದಿ, ಸೊಳ್ಳೆ ಇರುವೆಡೆ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳುಜ್ವರದ ವೈರಸ್ ಇನ್ನೊಂದು. ನೆಗಡಿ-ಕೆಮ್ಮಿನ ಹಿಂದೆಯೇ ಬರುವ ಎಂಟೆರೊವೈರಸ್ ಡಿ68 ಮಲದಲ್ಲಿ ಸಿಗುವುದು ಅಪರೂಪ, ಅದಕ್ಕೆ ಮೂಗು-ಗಂಟಲಿನ ಸ್ವಾಬ್ (ಹತ್ತಿಕಡ್ಡಿಯ ಮಾದರಿ) ಬೇಗನೆ ತೆಗೆಯಬೇಕು. ಜುಮುಗುಡುತ್ತ ಎರಡೂ ಕಾಲು ಸಮನಾಗಿ ಸೋತು, ಸೋಲು ಮೇಲೇರುತ್ತಿದ್ದರೆ ಅದು ಹೆಚ್ಚಾಗಿ ಗೀಯಾನ್-ಬಾರೆ: ಸೋಂಕು ಹೋದ ಮೇಲೆ ದೇಹವೇ ತನ್ನ ನರಗಳ ಮೇಲೆ ಬೀಳುವ ಕಾಯಿಲೆ, ಚಿಕಿತ್ಸೆಯೂ ಬೇರೆ. ಇದರಲ್ಲೂ ಮಲದ ಮಾದರಿ ಕಡ್ಡಾಯ.

60 ದಿನದ ನಂತರ ಕಾಲಿನ ಸೋಲು ಉಳಿದಿದೆಯೇ ಎಂದು ನೋಡಲು ಆರೋಗ್ಯ ಇಲಾಖೆಯವರು ಮತ್ತೆ ಬರುತ್ತಾರೆ. ಅಷ್ಟರಲ್ಲಿ ಕೆಲಸಕ್ಕೆಂದು ಊರು ಬಿಡುವುದಾದರೆ ಹೊಸ ವಿಳಾಸ ಕೊಟ್ಟು ಹೋಗಿ.