ವೃದ್ಧಾಶ್ರಮಕ್ಕೆ ಸಾಕುಪ್ರಾಣಿಯನ್ನು ತರುವ ಮೊದಲು

ವೃದ್ಧಾಶ್ರಮದಲ್ಲಿ ಪ್ರಾಣಿ ಸಾಕಲು ಹೊರಟವರು ಮೊದಲು ಯೋಚಿಸಬೇಕಾದದ್ದು ತಳಿಯ ಬಗ್ಗೆಯಲ್ಲ, ಅದರ ಆರೈಕೆಯಲ್ಲಿ ಹಿರಿಯರಿಗೆ ಎಷ್ಟು ಪಾಲು ಕೊಡುತ್ತೇವೆ ಎಂಬುದರ ಬಗ್ಗೆ. ಊಟ, ಸ್ನಾನ, ಮಾತ್ರೆ ಎಲ್ಲವನ್ನೂ ಇನ್ನೊಬ್ಬರ ಕೈಯಿಂದ ಪಡೆಯುವವರಿಗೆ ತಾವೂ ಒಂದು ಜೀವಕ್ಕೆ ಹೊತ್ತಿಗೆ ಸರಿಯಾಗಿ ಉಣಿಸಬೇಕೆಂಬ ಕೆಲಸ ಸಿಕ್ಕರೆ, ಹಾಸಿಗೆ ಬಿಟ್ಟೇಳಲು, ನಾಲ್ಕು ಹೆಜ್ಜೆ ನಡೆಯಲು, ಪಕ್ಕದ ಕೋಣೆಯವರನ್ನು ಮಾತಾಡಿಸಲು ಕಾರಣವೊಂದು ಹುಟ್ಟುತ್ತದೆ.

1991ರಲ್ಲಿ ನ್ಯೂಯಾರ್ಕ್ ರಾಜ್ಯದ ಚೇಸ್ ಮೆಮೋರಿಯಲ್ ನರ್ಸಿಂಗ್ ಹೋಮ್ ಎಂಬ ವೃದ್ಧರ ಆರೈಕೆ ಕೇಂದ್ರಕ್ಕೆ ವೈದ್ಯ ಬಿಲ್ ಥಾಮಸ್ 2 ನಾಯಿ, 4 ಬೆಕ್ಕು, 100 ಪುಟ್ಟ ಗಿಳಿಗಳನ್ನು ತರಿಸಿದರು; ಮುಂದೆ ಅಲ್ಲಿ ಔಷಧಿಗಳ ಬಳಕೆ ಇಳಿಯಿತೆಂದು ವರದಿಯಾಯಿತು. ಗಿಡಗಳೂ ಮಕ್ಕಳೂ ಜೊತೆಗೇ ಬಂದಿದ್ದರಿಂದ ಪುಣ್ಯವನ್ನೆಲ್ಲ ಪ್ರಾಣಿಗಳ ಲೆಕ್ಕಕ್ಕೇ ಬರೆಯಲಾಗದು. ಅದನ್ನು ನೋಡಿ ನಮ್ಮೂರಿನ ಹಸಿರು ಗಿಳಿಯನ್ನು ಪಂಜರಕ್ಕೆ ಹಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಆರಂಭಕ್ಕೆ ಊಟದ ಕೋಣೆಯಲ್ಲೊಂದು ಮೀನಿನ ತೊಟ್ಟಿ ಇಡುವುದು ಒಳ್ಳೆಯದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಲ್ಝೈಮರ್ ಕಾಯಿಲೆಯ 62 ಮಂದಿಯ ಊಟ ಮತ್ತು ತೂಕ ಎರಡೂ ಮೀನಿನ ತೊಟ್ಟಿ ಬಂದ ಮೇಲೆ ಹೆಚ್ಚಿದ್ದವು. ಮರೆವಿನವರು ಹಾಕಿದ್ದನ್ನೇ ಮತ್ತೆ ಮತ್ತೆ ಹಾಕಿ ನೀರು ಕೆಡಿಸಬಹುದಾದ್ದರಿಂದ, ದಿನದ ಅಳತೆಯನ್ನು ಚಿಕ್ಕ ಪೊಟ್ಟಣ ಕಟ್ಟಿ ಸರದಿಯವರ ಕೈಗೆ ಕೊಟ್ಟು, ಡಬ್ಬಿಯನ್ನು ಬೀಗದೊಳಗೆ ಇಡಿ.

ನಾಯಿಯನ್ನು ಮಾತ್ರ ಮೊದಲು ಅತಿಥಿಯಾಗಿಯೇ ಕರೆಸಬೇಕು. ಮರಿಗಿಂತ ಶಾಂತ ಸ್ವಭಾವದ ಬೆಳೆದ ನಾಯಿ ಲೇಸು. ವಾರಕ್ಕೊಂದು ಗಂಟೆ ಅಂಗಳದಲ್ಲಿ ಹಗ್ಗ ಹಿಡಿದು ಕೂರಿಸಿ, ಇಷ್ಟವಿದ್ದವರು ಮಾತ್ರ ಬಳಿಗೆ ಬರಲಿ. ನಾಯಿಯೆಂದರೆ ಹೆದರುವವರೂ, ಮಡಿ ಪಾಲಿಸುವವರೂ ಅದೇ ಸೂರಿನಡಿ ಇರುವುದರಿಂದ ಅಡುಗೆಮನೆ, ದೇವರಕೋಣೆಗಳಿಂದ ಅದನ್ನು ದೂರವಿಡಬೇಕು. ಕಾಲಿಗೆ ಅಡ್ಡ ಬಂದು ವಾಕರ್ ಹಿಡಿದವರನ್ನು ಬೀಳಿಸದಂತೆ ಕೊರಳಿಗೆ ಗೆಜ್ಜೆ ಕಟ್ಟುವುದು ಅಗ್ಗದ ಉಪಾಯ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಪರಚುಗಾಯವೂ ತೊಂದರೆಯೇ. ಹಾಗಾಗಿ ಉಗುರು ಕತ್ತರಿಸಿರಲಿ, ಮುಟ್ಟಿದ ಮೇಲೆ ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಲಿ. ರೇಬೀಸ್ ಲಸಿಕೆ, ಜಂತುಹುಳದ ಔಷಧಿಗಳ ದಿನಾಂಕಗಳು ಪುಸ್ತಕದಲ್ಲಿರಬೇಕು. ಲಸಿಕೆಯಾದ ನಾಯಿಯೇ ಕಚ್ಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೀಗೆ ಕೆಲವು ತಿಂಗಳು ಸಾಗಿದ ಮೇಲೆ ಖಾಯಂ ಸಾಕಣೆಯ ಮಾತು ಬಂದರೆ, ಹಬ್ಬದ ರಜೆಯಲ್ಲಿ ಸಿಬ್ಬಂದಿ ಊರಿಗೆ ಹೋದಾಗ ಅದಕ್ಕೆ ಅನ್ನ ಹಾಕುವವರು ಯಾರು, ಪಶುವೈದ್ಯರ ಬಳಿ ಕರೆದೊಯ್ಯುವವರು ಯಾರು ಎಂಬುದನ್ನು ಹೆಸರು ಸಮೇತ ಬರೆದಿಟ್ಟ ನಂತರವೇ ಒಪ್ಪಿಕೊಳ್ಳಿ.